ಮುತ್ತಜ್ಜಿಯ ಉಯಿಲು ಬೇಡ, ಮೊದಲು ಮುತ್ತಜ್ಜನ ಕಡತ ತೆಗೆಸಿ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ ನಿವೃತ್ತ ಶಿಕ್ಷಕಿ. ನಮ್ಮ ಮೂಲ ಕುಮಟಾ. ಅಮ್ಮನ ಅಜ್ಜಿ 1934ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತೀರಿಕೊಂಡರು, ಆಗ ಅಮ್ಮನಿಗೆ ಒಂಬತ್ತು ವರ್ಷ. ಅಜ್ಜಿಯ ಗಂಡ ಖಾನಾವಳಿ ನಡೆಸುತ್ತಿದ್ದವರು, ಬಾಡಿಗೆ ಕೋಣೆಗಳ ಒಂದು ಸಣ್ಣ ಚಾಳನ್ನೂ ಕೊಂಡಿದ್ದರಂತೆ. 1899ರ ಪ್ಲೇಗಿನಲ್ಲಿ ಹೋದರು. ಅಜ್ಜಿಗೆ ಆಗ ಹತ್ತೊಂಬತ್ತು ವರ್ಷ, ಕಂಕುಳಲ್ಲಿ ಒಂದು ಹೆಣ್ಣು ಕೂಸು. ಅಮ್ಮ ಹೋದ ಮೇಲೆ ಟ್ರಂಕಿನಲ್ಲಿ ಹೈಕೋರ್ಟಿನ ಉಬ್ಬು ಮೊಹರಿರುವ ಎರಡು ಹಾಳೆ ಸಿಕ್ಕಿದವು. 1900ರ ಪ್ರೊಬೇಟ್, ಅಂದರೆ ಉಯಿಲನ್ನು ಕೋರ್ಟು ಮಾನ್ಯ ಮಾಡಿದ ಪತ್ರ. ಅರ್ಜಿ ನಂಬರ್ ಓದಬಹುದು. ಉಯಿಲು ಗಂಡ ಸಾಯುವುದಕ್ಕೆ ಮೂರು ದಿನ ಮುಂಚಿನದು. ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವವರು, ಅವರ ಅಣ್ಣ. ಹೆಂಡತಿಗೆ 'ಶೀಲವಂತಳಾಗಿ ನಮ್ಮ ಮನೆಯಲ್ಲೇ ಇರುವ ತನಕ' ತಿಂಗಳಿಗೆ 12 ರೂಪಾಯಿ ಅನ್ನವಸ್ತ್ರ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಆ ಸಾಲು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಭಾವ ಸುಳ್ಳು ಉಯಿಲು ಮಾಡಿಸಿ ಆಸ್ತಿ ನುಂಗಿದ ಎಂದು ಅಮ್ಮ ಹೇಳುತ್ತಿದ್ದಳು. ಗಂಡುಮಗ ಇಲ್ಲವೆಂದು ಸರಕಾರವೇ ಚಾಳು ಕಿತ್ತುಕೊಂಡಿತು ಎಂದು ದೊಡ್ಡಮ್ಮ. ವಿಧವೆಯರಿಗೆ ಆಗ ಉಯಿಲು ಬರೆಯುವ ಹಕ್ಕೇ ಇರಲಿಲ್ಲವೆಂದು ಮತ್ತೊಬ್ಬರು. ನಿಜ ಯಾವುದು? ನನ್ನ ಗೆಳತಿ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯ ವಿಧವೆಯ ಉಯಿಲನ್ನು ಒಂದೇ ಸಂಜೆಯಲ್ಲಿ ಇಂಟರ್‌ನೆಟ್ಟಿನಲ್ಲಿ ಪತ್ತೆ ಮಾಡಿದಳು. ನನಗೆ ಆರು ತಿಂಗಳು ಅಜ್ಜಿಯ ಉಯಿಲು ಹುಡುಕಿದರೂ ಅವರ ಹೆಸರೇ ಸಿಗುತ್ತಿಲ್ಲ. ಹಾಳೆಯಲ್ಲಿ 'ವಿಧವೆ' ಎಂದಷ್ಟೇ ಇದೆ, ಮನೆಯಲ್ಲಿ ಎಲ್ಲರೂ 'ಬಾಯಿ' ಎನ್ನುತ್ತಿದ್ದರು. ಈಗ ಏನಾದರೂ ಕ್ಲೇಮ್ ಮಾಡಲು ಬರುತ್ತದೆಯೇ ಎಂದು ತಮ್ಮ ಕೇಳುತ್ತಿದ್ದಾನೆ. ನನಗೆ ಆಸ್ತಿ ಬೇಡ, ಅವಳು ಹೇಗೆ ಬದುಕಿದಳು ಎಂದು ತಿಳಿಯಬೇಕು.

ಉತ್ತರ: ನಿಮ್ಮ ನಿದ್ದೆ ಕೆಡಿಸಿದ ಸಾಲಿನಿಂದಲೇ ಶುರುಮಾಡುತ್ತೇನೆ. ಫೋರ್ಟಿನಲ್ಲಿ ಪ್ರೊಬೇಟ್ ಕೆಲಸ ಮಾಡುತ್ತ ಮೂವತ್ತು ವರ್ಷ ಕಳೆದವಳು ನಾನು. ಆ ಕಾಲದ ಹಿಂದೂ ಗಂಡಸರ ಉಯಿಲುಗಳಲ್ಲಿ ಈ ಷರತ್ತನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಎಪ್ಪತ್ತು ವರ್ಷದ ಹೆಂಡತಿಯ ಬಗ್ಗೆಯೂ ಹೀಗೆಯೇ ಬರೆದಿದ್ದಾರೆ, ನಲವತ್ತು ವರ್ಷ ಜೊತೆಗೆ ಸಂಸಾರ ಮಾಡಿದವಳ ಬಗ್ಗೆಯೂ. ಅದು ಬರೆಯುವವನ ಕೈಯಲ್ಲಿ ಸಿದ್ಧವಾಗಿರುತ್ತಿದ್ದ ವಾಕ್ಯ. ಅದಕ್ಕೆ ಕಾನೂನಿನ ಕಾರಣವೂ ಇತ್ತು: ವಿಧವೆಯ ಅನ್ನವಸ್ತ್ರದ ಹಕ್ಕು ಶೀಲಕ್ಕೆ ಕಟ್ಟುಬಿದ್ದದ್ದು ಎಂದು ಕೋರ್ಟುಗಳು ಹೇಳುತ್ತಿದ್ದವು. ಗಂಡನ ಆಸ್ತಿ ಒಮ್ಮೆ ವಾರಸಾಗಿ ಅವಳ ಕೈಗೆ ಬಂದರೆ ಮಾತ್ರ, ಆಮೇಲಿನ ನಡತೆಯ ನೆಪದಲ್ಲಿ ಅದನ್ನು ಕಿತ್ತುಕೊಳ್ಳಲು ಬರುತ್ತಿರಲಿಲ್ಲ. 1880ರಲ್ಲಿ ಮಣಿರಾಮ್ ಕೊಲಿತಾ ಮೊಕದ್ದಮೆಯಲ್ಲಿ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಖಚಿತಪಡಿಸಿತ್ತು. ಆ ಸಾಲು ನಿಮ್ಮ ಮುತ್ತಜ್ಜಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮಾತು. ನೀವು ಓದಿದ್ದು ಇಂಗ್ಲಿಷ್ ಅನುವಾದ. ಕುಮಟಾದ ಮನುಷ್ಯ ಸಾಯುವ ಮೂರು ದಿನ ಮುಂಚೆ ಇಂಗ್ಲಿಷಿನಲ್ಲಿ ಉಯಿಲು ಹೇಳಿ ಬರೆಸಿರಲಾರ. ಮೂಲ ಕನ್ನಡದಲ್ಲಿರಬೇಕು, ಇಲ್ಲವೇ ಮರಾಠಿಯಲ್ಲಿ, ಆಗಿನ ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿರಬೇಕು. ಅದನ್ನು ಕೋರ್ಟಿನ ಭಾಷಾಂತರಕಾರರು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಮೂಲ ಉಯಿಲು ಕೋರ್ಟಿನಲ್ಲೇ ಉಳಿಯುತ್ತದೆ, ಪ್ರೊಬೇಟಿಗೆ ಅಂಟಿಸಿ ಕೊಡುವುದು ನಕಲು. 'ಮರ್ಯಾದೆಯಿಂದ ಮನೆಯಲ್ಲಿ ಇದ್ದಲ್ಲಿ' ಎಂಬ ಮಾತು ಅನುವಾದದಲ್ಲಿ 'ಶೀಲವಂತಳಾಗಿ' ಎಂದಾದದ್ದನ್ನು ನಾನೇ ಒಂದು ಕಡತದಲ್ಲಿ ನೋಡಿದ್ದೇನೆ. ಆದ್ದರಿಂದ ಮೂಲ ನೋಡುವ ತನಕ ಆ ಪದವನ್ನು ನಿಮ್ಮ ಮುತ್ತಜ್ಜನ ಬಾಯಿಗೆ ಹಾಕಬೇಡಿ.

ಈಗ ಮನೆಯಲ್ಲಿ ಹೇಳಿಕೊಂಡು ಬಂದ ಮಾತುಗಳು. ವಿಧವೆಗೆ ಉಯಿಲು ಬರೆಯುವ ಹಕ್ಕಿರಲಿಲ್ಲ ಎನ್ನುವುದು ಸುಳ್ಳು. ಸ್ತ್ರೀಧನವನ್ನು, ಅಂದರೆ ತವರಿನಿಂದ ಬಂದದ್ದು, ಮದುವೆಯಲ್ಲಿ ಕೊಟ್ಟದ್ದು, ತಾನೇ ದುಡಿದು ಕೂಡಿಟ್ಟದ್ದು, ಇವನ್ನು ವಿಧವೆ ಉಯಿಲಿನಿಂದ ಯಾರಿಗೆ ಬೇಕಾದರೂ ಕೊಡಬಹುದಿತ್ತು. ಗಂಡನಿಂದ ವಾರಸಾಗಿ ಬಂದ ಚರ, ಸ್ಥಿರ ಆಸ್ತಿಯ ಮಾತು ಬೇರೆ. ಚಾಳಿನಂಥ ಸ್ಥಿರಾಸ್ತಿಯಲ್ಲಿ ಅವಳದು ಸೀಮಿತ ಹಕ್ಕು: ಬದುಕಿರುವ ತನಕ ಬಾಡಿಗೆ ಅವಳದು, ಸಂಕಟಕ್ಕೆ ಬಿದ್ದರೆ ಒಂದಿಷ್ಟು ಮಾರಬಹುದು, ಉಯಿಲು ಬರೆದು ಕೊಡಲು ಬರುವುದಿಲ್ಲ. ಅವಳು ಸತ್ತ ಮೇಲೆ ಅದು ಅವಳ ವಾರಸರಿಗಲ್ಲ, ಅವಳ ಗಂಡನ ಮುಂದಿನ ವಾರಸರಿಗೆ ಹೋಗುತ್ತಿತ್ತು. ವಿಧವೆಯರ ಹೆಸರಿನ ಪ್ರೊಬೇಟ್ ಕಡಿಮೆ ಸಿಗಲು ಇದೇ ಕಾರಣ. ಬರೆದು ಕೊಡಲು ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಇದ್ದದ್ದು ನಾಲ್ಕು ತೊಲೆ ಬಂಗಾರವಾದರೆ ಅದು ಮಗಳ ಸೊಂಟಕ್ಕೆ ಕಟ್ಟಿದ ಗಂಟಿನಲ್ಲಿ ಸದ್ದಿಲ್ಲದೆ ದಾಟುತ್ತಿತ್ತು. ಆರು ತಿಂಗಳು ಅವರ ಉಯಿಲು ಹುಡುಕಿದ್ದೀರಿ. ಅದನ್ನು ಬಿಡಿ. ಗಂಡನ ಕಡತದಲ್ಲಿ, ಅವನು ಸತ್ತ ಮೇಲಿನ ಹತ್ತು ವರ್ಷದ ಕಾಗದಗಳಲ್ಲಿ ಅವರನ್ನು ಹುಡುಕಿ.

ಭಾವ ಸುಳ್ಳು ಉಯಿಲು ಮಾಡಿಸಿದ ಎಂಬ ಮಾತು. ಇದನ್ನು ನಾನು ತಳ್ಳಿಹಾಕುವುದಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಲೆಕ್ಕ ಹೀಗಿದೆ. ಅಣ್ಣತಮ್ಮಂದಿರು ಅವಿಭಕ್ತರಾಗಿದ್ದು ಖಾನಾವಳಿಯೂ ಚಾಳೂ ಕುಟುಂಬದ್ದಾಗಿದ್ದರೆ, ತಮ್ಮ ಸತ್ತ ಕ್ಷಣವೇ ಅವನ ಪಾಲು ಅಣ್ಣನಿಗೆ ಸೇರುತ್ತಿತ್ತು. 1937ರ ಕಾಯ್ದೆ ಬರುವ ತನಕ ಅಂಥ ಆಸ್ತಿಯಲ್ಲಿ ವಿಧವೆಗೆ ಅನ್ನವಸ್ತ್ರದ ಹೊರತು ಪಾಲಿಲ್ಲ. ಹಾಗಿದ್ದರೆ ಅಣ್ಣನಿಗೆ ಉಯಿಲೇ ಬೇಕಿರಲಿಲ್ಲ. ಉಯಿಲು ಹಿಡಿದು ಕೋರ್ಟಿಗೆ ಬಂದನೆಂದರೆ ಆಸ್ತಿ ತಮ್ಮನ ಸ್ವಂತ ಸಂಪಾದನೆ ಎಂದು ಅವನೇ ಒಪ್ಪಿಕೊಂಡ ಹಾಗೆ. ಸ್ವಂತ ಸಂಪಾದನೆಯಾಗಿದ್ದು ಉಯಿಲು ಇಲ್ಲದಿದ್ದರೆ? ಗಂಡುಮಗ ಇಲ್ಲದ್ದರಿಂದ ಪೂರ್ತಿ ಆಸ್ತಿ ನಿಮ್ಮ ಮುತ್ತಜ್ಜಿಗೆ ಬರುತ್ತಿತ್ತು, ಸೀಮಿತ ಹಕ್ಕಿನ ಮೇಲೆ. ಅವರ ನಂತರ ಮಗಳಿಗೆ. ಮುಂಬಯಿ ಪ್ರಾಂತ್ಯದಲ್ಲಂತೂ ತಂದೆಯ ಆಸ್ತಿ ಮಗಳಿಗೆ ಬಂದರೆ ಅದು ಪೂರ್ಣ ಹಕ್ಕು. ಅಂದರೆ ಆ ಒಂದು ಹಾಳೆ ನಿಮ್ಮ ಮುತ್ತಜ್ಜಿಯನ್ನು ಚಾಳಿನ ಒಡತಿಯಿಂದ ತಿಂಗಳಿಗೆ 12 ರೂಪಾಯಿಯ ಆಶ್ರಿತೆಯಾಗಿ ಮಾಡಿತು. ನಿಮ್ಮ ಅಮ್ಮನ ಸಂಶಯಕ್ಕೆ ಬೇರು ಇಲ್ಲಿದೆ.

ಆದರೆ ಸಾಯುವ ಮೂರು ದಿನ ಮುಂಚಿನ ಉಯಿಲು ಎಂಬುದೊಂದೇ ಮೋಸದ ಸಾಕ್ಷಿಯಾಗದು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಸ್ ಪ್ಲೇಗು ಗುರುತಿಸಿದ ಮೇಲೆ ವರ್ಷವರ್ಷವೂ ಚಳಿಗಾಲಕ್ಕೆ ಅದು ಈ ಊರಿಗೆ ಮರಳುತ್ತಿತ್ತು. ಗಡ್ಡೆ ಎದ್ದವನು ವಾರ ಬದುಕುವುದೂ ಕಷ್ಟ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವನು ಜ್ವರ ಏರುವ ಹೊತ್ತಿಗೆ ಉಯಿಲು ಬರೆಸುವುದು ಸಹಜ. ಹತ್ತೊಂಬತ್ತರ ಹುಡುಗಿಯ ಕೈಗೆ ಚಾಳು ಬಿಡುವ ಬದಲು ಅಣ್ಣನ ಕೈಗೆ ಒಪ್ಪಿಸಿದರೆ ಕೂಸು ಉಳಿಯುತ್ತದೆ ಎಂದು ಅವನು ನಂಬಿರಲೂಬಹುದು. ನಿಜವಾಗಿ ಹೇಳಿ ಬರೆಸಿದನೋ, ಪ್ರಜ್ಞೆ ಇಲ್ಲದ ಕೈಯಲ್ಲಿ ಲೇಖನಿ ಹಿಡಿಸಿದರೋ ಎಂಬುದನ್ನು ಎರಡು ಹಾಳೆಯಿಂದ ಹೇಳಲಾಗದು. ಪೂರ್ತಿ ಕಡತ ಸಿಕ್ಕರೆ ಒಂದಿಷ್ಟು ಹೇಳಬಹುದು.

ಪ್ರೊಬೇಟ್ ಆಯಿತು ಎಂದರೆ ಆಸ್ತಿ ಅವನದೆಂದು ಕೋರ್ಟು ತೀರ್ಪು ಕೊಟ್ಟಂತೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇದು ಇಂಥವನ ಕೊನೆಯ ಉಯಿಲು, ಸರಿಯಾಗಿ ಸಾಕ್ಷಿ ಬಿದ್ದಿದೆ, ಇಂಥವನು ಎಕ್ಸಿಕ್ಯೂಟರ್, ಇಷ್ಟೇ ಅದರ ಅರ್ಥ. ಆಸ್ತಿ ಯಾರದು ಎಂಬ ಪ್ರಶ್ನೆ ಅಲ್ಲಿ ತೀರ್ಮಾನವಾಗುವುದೇ ಇಲ್ಲ. 1870ರ ಹಿಂದೂ ಉಯಿಲು ಕಾಯ್ದೆಯ ನಂತರ, ಆ ವರ್ಷದ ಸೆಪ್ಟೆಂಬರ್ 1ರಿಂದ, ಮುಂಬಯಿ ಶಹರದೊಳಗೆ ಬರೆದ ಹಿಂದೂ ಉಯಿಲುಗಳಿಗೆ ಪ್ರೊಬೇಟ್ ಬೇಕಾಯಿತು. ಹಾಗಾಗಿ ನಿಮ್ಮಂಥವರ ಕೈಗೆ ಈ ಹಾಳೆ ಬಂದಿದೆ. ಅದೇ ಮನುಷ್ಯ ಕುಮಟಾದಲ್ಲೇ ಸತ್ತಿದ್ದು ಆಸ್ತಿಯೂ ಅಲ್ಲೇ ಇದ್ದಿದ್ದರೆ ಬಹುಶಃ ಯಾವ ಕಾಗದವೂ ಹುಟ್ಟುತ್ತಿರಲಿಲ್ಲ.

ಕಡತದಲ್ಲಿ ಏನೇನಿರುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮಗೆ ಬೇಕಾದ ಜೀವ ಅಲ್ಲೇ ಇದೆ. ಅಣ್ಣನ ಅರ್ಜಿ ಇರುತ್ತದೆ. ಅದರಲ್ಲಿ ಸತ್ತವನ ವಾರಸರು ಯಾರು, ಎಲ್ಲಿದ್ದಾರೆ ಎಂದು ಹೇಳಿರುವುದುಂಟು. 'ವಿಧವೆ, ಈಗ ಕುಮಟಾದಲ್ಲಿ ವಾಸ' ಎಂಬ ನಾಲ್ಕು ಪದ ಸಿಕ್ಕರೂ, ಗಂಡ ಸತ್ತ ವರ್ಷದೊಳಗೆ ಅವರನ್ನು ಊರಿಗೆ ಕಳಿಸಿದ್ದರು ಎಂದು ತಿಳಿಯಿತಲ್ಲ. ಉಯಿಲಿಗೆ ಸಾಕ್ಷಿ ಹಾಕಿದವನ ಅಫಿಡವಿಟ್ ಇರುತ್ತದೆ. ಅವನು ಯಾರು? ಖಾನಾವಳಿಯ ಗಿರಾಕಿಯೋ, ಪಕ್ಕದ ಕೋಣೆಯ ಗುಮಾಸ್ತನೋ, ಅಣ್ಣನ ಭಾವಮೈದುನನೋ? ಸಾಕ್ಷಿಗಳಿಬ್ಬರೂ ಅಣ್ಣನ ಕಡೆಯವರಾಗಿದ್ದು ಬರೆದವನೂ ಅವರ ಪೈಕಿಯೇ ಆಗಿದ್ದರೆ ನಿಮ್ಮ ಅಮ್ಮನ ಮಾತಿನ ತೂಕ ಹೆಚ್ಚುತ್ತದೆ. ಆಸಕ್ತಿ ಇರುವವರಿಗೆ ಕೋರ್ಟು ಕಳಿಸುವ ನೋಟಿಸು, ಅಂದರೆ ಸೈಟೇಷನ್, ನಿಮ್ಮ ಮುತ್ತಜ್ಜಿಯ ಹೆಸರಿಗೆ ಹೊರಟಿತ್ತೇ, ಮುಟ್ಟಿತೇ ನೋಡಿ. ಅವರ ಪರವಾಗಿ ಯಾರಾದರೂ ಕೇವಿಯಟ್, ಅಂದರೆ ತಕರಾರು, ಹಾಕಿದ್ದರೆ ಅರ್ಜಿ ಅಲ್ಲಿಗೆ ದಾವೆಯಾಗಿ ತಿರುಗುತ್ತದೆ. ಆಗ ಅಫಿಡವಿಟ್ಟುಗಳ ಮೇಲೆ ಅಫಿಡವಿಟ್ಟು, ಅವುಗಳಲ್ಲಿ ಅವರದೇ ಮಾತು.

ಅಂಥದ್ದೊಂದು ಕಡತ ನಾನು ಕಂಡದ್ದುಂಟು, ಬೇರೆ ಕುಟುಂಬದ್ದು. ವಿಧವೆಯ ಅಫಿಡವಿಟ್. ಮೇಲೆ ಇಂಗ್ಲಿಷಿನ ದುಂಡು ಅಕ್ಷರ, ಕೊನೆಯಲ್ಲಿ ಸಹಿಯ ಜಾಗದಲ್ಲಿ ಕೈಯಲ್ಲಿ ಬರೆದ ಒಂದು ಸಣ್ಣ ವೃತ್ತ, ಪಕ್ಕದಲ್ಲಿ ಗುಮಾಸ್ತ ಬರೆದದ್ದು: 'ನಿಶಾಣಿ ಬಾಂಗಡಿ'. ಓದುಬರಹ ಬಾರದ ರೈತ ನೇಗಿಲಿನ ಗುರುತು ಹಾಕುತ್ತಿದ್ದ ಹಾಗೆ ಹೆಂಗಸರದು ಬಳೆಯ ಗುರುತು. ಗಂಡ ಸತ್ತ ಹನ್ನೊಂದನೆಯ ದಿನಕ್ಕೆ ಅವಳ ಕೈಯ ಬಳೆ ಒಡೆದಿದ್ದರು, ಕೋರ್ಟಿನಲ್ಲಿ ಅವಳ ಹೆಸರಿನ ಬದಲು ನಿಂತದ್ದು ಬಳೆಯೇ. ವೃತ್ತ ಪೂರ್ತಿ ಕೂಡಿರಲಿಲ್ಲ, ಶಾಯಿ ಕೆಳಗೆ ಹರಿದಿತ್ತು. ಆ ಹಾಳೆಯನ್ನು ಎಷ್ಟು ಹೊತ್ತು ಹಿಡಿದುಕೊಂಡು ಕುಳಿತಿದ್ದೆನೋ ನೆನಪಿಲ್ಲ. ನಿಮಗೂ ಅಂಥ ಹಾಳೆ ಸಿಗಲಿ ಎಂದು ಮನಸಾರೆ ಹಾರೈಸುತ್ತೇನೆ.

ಕಡತದಲ್ಲಿ ನೀವು ನಿಧಾನವಾಗಿ ಓದಬೇಕಾದದ್ದು ಆಸ್ತಿಪಟ್ಟಿ. ಕೋರ್ಟ್ ಫೀ ಕಾಯ್ದೆಯ ಮೂರನೇ ಷೆಡ್ಯೂಲಿನ ನಮೂನೆಯಲ್ಲಿ ಎರಡು ಭಾಗ. ಅನೆಕ್ಷರ್ ಎ: ಮನೆಯಲ್ಲಿದ್ದ ನಗದು, ಬ್ಯಾಂಕಿನಲ್ಲಿದ್ದದ್ದು, ಪಾತ್ರೆಪಡಗ, ತೊಡುವ ಬಟ್ಟೆ, ಒಡವೆ, ಸರಕಾರಿ ಕಾಗದ (ಸಾಲಪತ್ರ), ಸ್ಥಿರಾಸ್ತಿ, ಬರಬೇಕಾದ ಸಾಲ, ಅಂಗಡಿಯ ಸರಕು. ಅನೆಕ್ಷರ್ ಬಿ: ಕೊಡಬೇಕಾದ ಸಾಲ, ಅಡವು, ಅಂತ್ಯಕ್ರಿಯೆಯ ಖರ್ಚು. ಸಾವಿರ ರೂಪಾಯಿ ದಾಟಿದರೆ ನೂರಕ್ಕೆ ಎರಡರಂತೆ ಸುಂಕ ಕಟ್ಟಬೇಕಿತ್ತು. ಹಾಗಾಗಿ ಬೆಲೆಗಳನ್ನು ತುಸು ತಗ್ಗಿಸಿಯೇ ಬರೆಯುತ್ತಿದ್ದರು ಎಂದು ಇಟ್ಟುಕೊಳ್ಳಿ. ಒಂದು ವಿಷಯ ತಪ್ಪದೆ ನೋಡಿ: ಒಡವೆಯ ಕಾಲಂನಲ್ಲಿ ಹೆಂಗಸಿನ ಆಭರಣ ಇದೆಯೇ? ನತ್ತು, ಪಾಟಲಿ, ಬುಗುಡಿ ಗಂಡನ ಆಸ್ತಿಪಟ್ಟಿಯಲ್ಲಿ ಬಂದಿದ್ದರೆ, ಅವರ ಸ್ತ್ರೀಧನವನ್ನೂ ಅವನ ಆಸ್ತಿಯೊಳಗೆ ಸೇರಿಸಿದ್ದರು ಎಂಬ ಬಲವಾದ ಸುಳಿವು ಅದು. ಇಲ್ಲದಿದ್ದರೆ ಅದು ಅವರ ಕೈಯಲ್ಲೇ ಉಳಿದಿತ್ತು ಎಂದು ಆಸೆಪಡಬಹುದು. ಅಂತ್ಯಕ್ರಿಯೆಯ ಮೊತ್ತವನ್ನೂ ಬರೆದುಕೊಳ್ಳಿ. ಪ್ಲೇಗಿನ ವರ್ಷದಲ್ಲಿ ಹೆಣ ಹೊರಲು ಜನ ಸಿಗದ ಊರಿನಲ್ಲಿ ಅದಕ್ಕೆ ಏನು ಖರ್ಚಾಯಿತು ಎಂಬುದೂ ಆ ಮನೆಯ ಕತೆಯೇ.

ಆರು ತಿಂಗಳೊಳಗೆ ಪೂರ್ತಿ ಆಸ್ತಿವಿವರ, ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು ಎಂದು 1881ರ ಕಾಯ್ದೆ ಎಕ್ಸಿಕ್ಯೂಟರನಿಗೆ ಕಟ್ಟುಮಾಡಿತ್ತು. ನನ್ನ ಅನುಭವದಲ್ಲಿ ಆಸ್ತಿವಿವರ ಎಷ್ಟೋ ಕಡತಗಳಲ್ಲಿ ಇದೆ, ಲೆಕ್ಕ ಅಪರೂಪ. ಇದ್ದರೆ 'ವಿಧವೆಗೆ ಅನ್ನವಸ್ತ್ರ' ಎಂಬ ಸಾಲು ತಿಂಗಳ ಲೆಕ್ಕದಲ್ಲಿ ಬರುತ್ತದೆ. ಹನ್ನೆರಡು ರೂಪಾಯಿ ನಿಜವಾಗಿ ಕೊಟ್ಟರೇ, ಎಷ್ಟು ತಿಂಗಳಿಗೆ ನಿಂತಿತು, ಮಗುವಿನ ಹಾಲಿಗೆ ಬೇರೆ ಕೊಟ್ಟರೇ ಎಂಬುದೆಲ್ಲ ಅಲ್ಲಿ ಸಿಗಬಹುದು.

ಚಾಳನ್ನು ಸರಕಾರ ಕಿತ್ತುಕೊಂಡಿತು ಎಂಬ ದೊಡ್ಡಮ್ಮನ ಮಾತಿಗೆ ಬರುತ್ತೇನೆ. ಗಂಡುಮಗ ಇಲ್ಲವೆಂದು ಚಾಳು ಕಿತ್ತುಕೊಳ್ಳುವ ಕಾನೂನು ಇರಲಿಲ್ಲ. ಆದರೆ ಪ್ಲೇಗಿನ ನಂತರ, 1898ರಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಇಕ್ಕಟ್ಟಿನ ಗಲ್ಲಿಗಳನ್ನು ಒಡೆದು ಗಾಳಿ ಬೆಳಕು ತರುವ ರಸ್ತೆ ಮಾಡುವುದು ಅದರ ಕೆಲಸ. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹಾಗೆ ಆದವು. ಎರಡನೆಯದು ಈಗಿನ ಸರದಾರ ವಲ್ಲಭಭಾಯಿ ಪಟೇಲ್ ರಸ್ತೆ. ಆ ದಾರಿಗೆ ಬಂದ ಚಾಳುಗಳನ್ನು ಪರಿಹಾರ ಕೊಟ್ಟು ತೆಗೆದುಕೊಂಡರು. ನಿಮ್ಮದು ಗಿರಗಾಂವಿನಲ್ಲಿ ಆ ಗೆರೆಯ ಮೇಲಿತ್ತೇ ಎಂದು ನೋಡಬೇಕು. ಇದ್ದರೆ ನಿಮಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಪರಿಹಾರದ ಆದೇಶದಲ್ಲಿ ಆಸಕ್ತಿ ಇರುವ ಎಲ್ಲರ ಹೆಸರು ಬರೆಯುತ್ತಿದ್ದರು. ಮಾರುವ ಪೂರ್ಣ ಹಕ್ಕಿಲ್ಲದವರ ಪಾಲಿನ ಜಾಗವಾದರೆ, 1894ರ ಭೂಸ್ವಾಧೀನ ಕಾಯ್ದೆಯ 32ನೇ ಕಲಮಿನಂತೆ ಹಣವನ್ನು ಅವರ ಕೈಗೆ ಕೊಡುತ್ತಿರಲಿಲ್ಲ: ಕೋರ್ಟಿನ ಮೂಲಕ ಬೇರೆ ಜಾಗಕ್ಕೆ ಅಥವಾ ಸರಕಾರಿ ಕಾಗದಕ್ಕೆ ಹಾಕಿ ಬಡ್ಡಿಯನ್ನು ಮಾತ್ರ ಕೊಡುತ್ತಿದ್ದರು. ವಿಧವೆಯರ ಮಟ್ಟಿಗೆ ಇದು ಬಂಗಾರದಂಥ ದಾಖಲೆ. ಕೆಲವರು ಇಪ್ಪತ್ತು ಮೂವತ್ತು ವರ್ಷ ಕೋರ್ಟಿಗೆ ಬಂದು ಬಡ್ಡಿ ಪಡೆದು ಗುರುತು ಹಾಕಿ ಹೋಗಿದ್ದಾರೆ. ಟ್ರಸ್ಟು 1933ರಲ್ಲಿ ಮುನ್ಸಿಪಾಲಿಟಿಯೊಳಗೆ ಸೇರಿತು, ಕಾಗದಗಳ ಹುಡುಕಾಟವನ್ನು ಅಲ್ಲಿಂದ ಶುರುಮಾಡಿ.

ನಿಮ್ಮ ಗೆಳತಿಗೆ ಒಂದೇ ಸಂಜೆಯಲ್ಲಿ ಸಿಕ್ಕಿತು, ನಿಮಗೆ ಸಿಗಲಿಲ್ಲ. ನಿಮ್ಮ ಜಾಣ್ಮೆಯಲ್ಲಿ ಕೊರತೆಯೇನೂ ಇಲ್ಲ. ಇಲ್ಲಿ ಸತ್ತ ಇಂಗ್ಲಿಷರ ಉಯಿಲುಗಳ ನಕಲುಗಳನ್ನು ಕಂಪನಿ ಕಾಲದಿಂದಲೇ ಲಂಡನ್ನಿಗೆ ಕಳಿಸುತ್ತಿದ್ದರು, ಇಗರ್ಜಿಯ ಮದುವೆ, ನಾಮಕರಣ, ಅಂತ್ಯಕ್ರಿಯೆಯ ಪಟ್ಟಿಗಳನ್ನೂ. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಸೂಚಿ ಸಮೇತ. ಅಂಥ ವಿಧವೆಗೆ ಇಂಗ್ಲೆಂಡಿನಲ್ಲೂ ಆಸ್ತಿ ಇದ್ದರೆ 1858ರ ಜನವರಿಯವರೆಗೆ ಕ್ಯಾಂಟರ್ಬರಿಯ ಧರ್ಮಪೀಠದ ಕೋರ್ಟಿನ ಉಯಿಲುಗಳಲ್ಲಿ, ಆಮೇಲೆ ರಾಷ್ಟ್ರೀಯ ಪ್ರೊಬೇಟ್ ಕ್ಯಾಲೆಂಡರಿನಲ್ಲಿ ಹೆಸರು ಸಿಗುತ್ತದೆ. ನಿಮ್ಮ ಮುತ್ತಜ್ಜಿಯ ಕಾಗದ ಹಡಗು ಹತ್ತಲಿಲ್ಲ. ಅದು ಇದೇ ಊರಿನಲ್ಲಿ ಬಟ್ಟೆಗಂಟಿನೊಳಗೆ ಇದೆ, ನೀವೇ ಹೋಗಿ ಬಿಚ್ಚಿಸಬೇಕು.

ಹೇಗೆ ಬಿಚ್ಚಿಸುವುದು? ನಿಮ್ಮ ಬಳಿ ಅರ್ಜಿ ನಂಬರು ಮತ್ತು ವರ್ಷ ಇರುವುದು ದೊಡ್ಡ ಪುಣ್ಯ. ಹೈಕೋರ್ಟಿನಲ್ಲಿ ಉಯಿಲುಗಳ ಕೆಲಸ ನೋಡುವ ಟೆಸ್ಟಮೆಂಟರಿ ವಿಭಾಗದಲ್ಲಿ ಆ ನಂಬರಿನ ಮೇಲೆ ತಪಾಸಣೆಗೂ ದೃಢೀಕೃತ ನಕಲಿಗೂ ಅರ್ಜಿ ಹಾಕಿಸಿ. ನೀವು ವಂಶಸ್ಥೆ ಎಂದು ತೋರಿಸುವ ಅಫಿಡವಿಟ್ ಜೊತೆಗಿರಲಿ, ಅಮ್ಮನ ಮತ್ತು ನಿಮ್ಮ ಜನನ, ಮದುವೆಯ ಕಾಗದಗಳನ್ನು ಜೋಡಿಸಿಡಿ. ನಂಬರು ಇಲ್ಲದವರು ಹೆಸರಿನ ಸೂಚಿಯಿಂದ ಹುಡುಕಬೇಕು. ಅಲ್ಲಿ ಹಿಂದೂಗಳ ಹೆಸರು ಅಡ್ಡಹೆಸರಿನಿಂದಲ್ಲ, ಮೊದಲ ಹೆಸರಿನಿಂದ ಸಿಗುವುದೇ ಹೆಚ್ಚು, ಅದೂ ಹಳೆಯ ಕಾಗುಣಿತದಲ್ಲಿ: ಗಂಗಾಬಾಯಿ 'ಗುಂಗಾಬಾಯಿ' ಆಗಿರುತ್ತಾಳೆ, ಕುಮಟಾ 'ಕೂಮ್ಟಾ'. ವಕೀಲರನ್ನು ಹಿಡಿಯುವುದಾದರೆ ತಪಾಸಣೆಗೆ ಇಷ್ಟು, ನಕಲಿಗೆ ಇಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ವಾರದಲ್ಲಿ ತಂದುಕೊಡುತ್ತೇನೆ ಎನ್ನುವ ದಲ್ಲಾಳಿಗೆ ಮುಂಗಡ ಕೊಡಬೇಡಿ. ನೂರಿಪ್ಪತ್ತೈದು ವರ್ಷದ ಕಾಗದ, ತಿಂಗಳುಗಳು ಹಿಡಿಯುತ್ತವೆ, ಹುಳ ತಿಂದಿರಲೂಬಹುದು. ಸಿಗದೇ ಹೋದರೆ ಸಿಗಲಿಲ್ಲವೆಂದು ಬರಹದಲ್ಲಿ ಕೇಳಿ ಪಡೆಯಿರಿ.

ಕಡತ ಬರುವ ತನಕ ಸುಮ್ಮನೆ ಕೂರಬೇಡಿ. ಚಾಳಿನ ಹಳೆಯ ಸರ್ವೆ ನಂಬರು ಆಸ್ತಿಪಟ್ಟಿಯಲ್ಲೋ ಉಯಿಲಿನಲ್ಲೋ ಇದ್ದರೆ ಕಲೆಕ್ಟರ್ ಕಚೇರಿಯಲ್ಲಿ ಪ್ರಾಪರ್ಟಿ ಕಾರ್ಡು ತೆಗೆಸಬಹುದು. 1865ರಿಂದ 1872ರವರೆಗೆ ನಡೆದ ಲಾಟನ್ ಸರ್ವೆಯ ನಂಬರುಗಳಿಗೂ ಆಮೇಲಿನ ಸಿ.ಎಸ್. (ಕ್ಯಾಡಸ್ಟ್ರಲ್ ಸರ್ವೆ) ನಂಬರುಗಳಿಗೂ ತಾಳೆ ಹಾಕಿಸಬೇಕು. ಓಲ್ಡ್ ಕಸ್ಟಮ್ ಹೌಸಿನ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಆ ಚಾಳಿನ ಖರೀದಿ, ಅಡವು ನೋಂದಣಿಯಾಗಿದ್ದರೆ 'ಇಂಡೆಕ್ಸ್ ಟು' ಎಂಬ ಆಸ್ತಿಸೂಚಿಯಲ್ಲಿ ಬರುತ್ತದೆ. ಉಯಿಲುಗಳು ಮೂರನೇ ಪುಸ್ತಕದಲ್ಲಿ. ಬರೆದವರು ತೀರಿದ ಮೇಲೆ ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು. 1934ರ ಹಿಂದಿನ ಹತ್ತು ವರ್ಷದಲ್ಲಿ ಮುತ್ತಜ್ಜಿ ಸಣ್ಣದೊಂದು ಉಯಿಲನ್ನು ನೋಂದಾಯಿಸಿದ್ದರೇ ಎಂದು ಆ ಪುಸ್ತಕದ ಸೂಚಿಯಲ್ಲಿ ನೋಡಿ. ಕುಮಟಾದ ಕಡೆಯದಕ್ಕೆ ಕಾರವಾರ. ಉತ್ತರ ಕನ್ನಡ 1862ರಲ್ಲೇ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ನಿಮ್ಮ ಕುಟುಂಬದ ಮಟ್ಟಿಗೆ ಎರಡು ಕಡೆಯೂ ಒಂದೇ ಪ್ರಾಂತ್ಯದ ಕಾನೂನು ನಡೆಯುತ್ತಿತ್ತು. ಸತ್ತವರಿಗೆ ಬರಬೇಕಾದ ಸಾಲ ವಸೂಲಿಗೆ ವಾರಸರು ಹಾಕುತ್ತಿದ್ದ, 1889ರ ಕಾಯ್ದೆಯ ಸಕ್ಸೆಷನ್ ಸರ್ಟಿಫಿಕೇಟ್ ಅರ್ಜಿಗಳನ್ನು ಅಲ್ಲಿಯ ಜಿಲ್ಲಾ ಕೋರ್ಟಿನಲ್ಲಿ ವಿಚಾರಿಸಿ.

ಇದನ್ನು ಓದುವ ಉಡುಪಿ, ಮಂಗಳೂರು ಕಡೆಯ ಮುಂಬಯಿಗರಿಗೆ ಒಂದು ಎಚ್ಚರಿಕೆ: ಮೇಲಿನ ವಾರಸು ಲೆಕ್ಕ ನಿಮಗೆ ಹೊಂದುವುದಿಲ್ಲ. ಊರು ಬಿಟ್ಟರೂ ಕುಟುಂಬ ತನ್ನ ಕಟ್ಟಳೆಯನ್ನು ಜೊತೆಗೇ ತರುತ್ತದೆ ಎಂದು ಕೋರ್ಟುಗಳು ಹಿಡಿಯುತ್ತಿದ್ದವು. ಅಳಿಯಸಂತಾನದ ಮನೆಗಳಲ್ಲಿ ಗಂಡನ ಸಂಪಾದನೆ, ಉಯಿಲು ಇಲ್ಲದಿದ್ದರೆ, ಹೆಂಡತಿ ಮಕ್ಕಳಿಗಲ್ಲ, ಅವನ ತಾಯಿಯ ಕುಟುಂಬಕ್ಕೆ. 1898ರ ಮಲಬಾರ್ ವಿಲ್ಸ್ ಆಕ್ಟ್ ಅವರ ಉಯಿಲಿನ ಹಕ್ಕನ್ನು ಸ್ಪಷ್ಟಪಡಿಸಿತು. ಅಲ್ಲಿ ಉಯಿಲು ಹೆಂಡತಿಯನ್ನು ಹೊರಗಿಡಲಿಕ್ಕಲ್ಲ, ಒಳಗೆ ತರಲಿಕ್ಕೇ ಬರೆದದ್ದು ಹೆಚ್ಚು. ಗೋವೆಯ ಮೂಲದವರಾದರೆ ಇನ್ನೂ ಬೇರೆ: 1870ರಿಂದ ಅಲ್ಲಿ ಪೋರ್ಚುಗೀಸ್ ನಾಗರಿಕ ಸಂಹಿತೆ. ಸಮಭಾಗದ ಕಟ್ಟಳೆಯಲ್ಲಿ ಮದುವೆಯಾದ ವಿಧವೆ ಅರ್ಧ ಆಸ್ತಿಗೆ ಸ್ವತಃ ಒಡತಿ, ನೋಟರಿಯ ಪುಸ್ತಕ ಮತ್ತು ಸತ್ತವರ ಆಸ್ತಿ ಹಂಚುವ ಇನ್ವೆಂಟರಿ ಮೊಕದ್ದಮೆಗಳಲ್ಲಿ ಹುಡುಕಬೇಕು.

ನಿಮ್ಮ ತಮ್ಮನ ಪ್ರಶ್ನೆಗೆ ನೇರ ಉತ್ತರ: ಇಲ್ಲ. ವಿಧವೆಯ ಸೀಮಿತ ಹಕ್ಕನ್ನು ಪೂರ್ಣ ಹಕ್ಕಾಗಿ ಮಾಡಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು. ಅದು ಆ ದಿನ ಬದುಕಿದ್ದು ಆಸ್ತಿ ಹೊಂದಿದ್ದ ಹೆಂಗಸರಿಗೆ. ನಿಮ್ಮ ಮುತ್ತಜ್ಜಿ ಅದಕ್ಕೆ ಇಪ್ಪತ್ತೆರಡು ವರ್ಷ ಮುಂಚೆಯೇ ಹೋದರು, ದಾವೆ ಹೂಡುವ ಅವಧಿಯೂ ಎಂದೋ ಮುಗಿದಿದೆ. ಕೇಸು ಗೆಲ್ಲಿಸುತ್ತೇನೆ ಎನ್ನುವವರು ಸಿಕ್ಕೇ ಸಿಗುತ್ತಾರೆ, ಅವರನ್ನು ಮನೆಯೊಳಗೆ ಬಿಡಬೇಡಿ. ಆ ಅಣ್ಣನ ವಂಶಸ್ಥರೂ ಎಲ್ಲೋ ಇದ್ದಾರೆ. ಅವರ ಟ್ರಂಕಿನಲ್ಲೂ ಕಾಗದಗಳಿರಬಹುದು, ಒಂದು ಫೋಟೋ ಇರಬಹುದು. ವಕೀಲರ ನೋಟಿಸು ಹೋದ ದಿನ ಆ ಟ್ರಂಕು ನಿಮ್ಮ ಪಾಲಿಗೆ ಮುಚ್ಚುತ್ತದೆ. ತಮ್ಮನಿಗೆ ಇದನ್ನು ಹೇಳಿ, ಆಮೇಲೆ ನೀವೇ ಅವರನ್ನು ಹುಡುಕಿ ಮಾತಾಡಿಸಿ.

ಇನ್ನೊಂದು ಅಪಾಯವಿದೆ. ಕಡತ ನಿಮ್ಮ ಅಮ್ಮನ ಮಾತಿಗೆ ಎದುರಾಗಿಯೂ ನಿಲ್ಲಬಹುದು. ಸಾಕ್ಷಿಗಳು ಪ್ರಾಮಾಣಿಕರು, ಅಣ್ಣ ತಿಂಗಳು ತಪ್ಪದೆ ಹಣ ಕೊಟ್ಟವನು ಎಂದು ತೋರಬಹುದು. ಅಥವಾ ಮುತ್ತಜ್ಜನಿಗೆ ಇನ್ನೊಬ್ಬ ಹೆಂಗಸಿದ್ದು ಅವಳಿಗೂ ಉಯಿಲಿನಲ್ಲಿ ಐದು ರೂಪಾಯಿ ಇರಬಹುದು. ಅಂಥದ್ದನ್ನು ಓದಿ ಕಡತ ಮುಚ್ಚಿ ಎದ್ದುಹೋದವರನ್ನು ನೋಡಿದ್ದೇನೆ. ಹೋಗುವ ಮುಂಚೆ ಅಮ್ಮ ಹೇಳಿದ್ದನ್ನೆಲ್ಲ, ಯಾವಾಗ ಹೇಳಿದರು, ಅವರಿಗೆ ಯಾರು ಹೇಳಿದ್ದು ಎಂಬುದರ ಸಮೇತ ಬರೆದಿಡಿ. ಕಡತ ಓದಿದ ಮೇಲೆ ನೆನಪು ತಾನಾಗಿಯೇ ಬದಲಾಗುತ್ತದೆ.

ಟ್ರಂಕಿನ ಆ ಎರಡು ಹಾಳೆಗಳಿಗೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಮಡಿಕೆ ಬಿಡಿಸಿ, ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿಡಿ. ಉಬ್ಬು ಮೊಹರಿನ ಅಕ್ಷರ ಬೇಕಾದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಪಕ್ಕಕ್ಕೆ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ನೆರಳಿನಲ್ಲಿ ಅಕ್ಷರ ಎದ್ದು ಬರುತ್ತವೆ.

ಕೊನೆಯದಾಗಿ ಹೆಸರು. ನಿಮ್ಮ ಹಾಳೆಯಲ್ಲಿ 'ವಿಧವೆ' ಎಂದಷ್ಟೇ ಇದೆ, ಮನೆಯಲ್ಲಿ ಎಲ್ಲರೂ 'ಬಾಯಿ' ಎನ್ನುತ್ತಿದ್ದರು ಎಂದಿದ್ದೀರಿ. ಅವರಿಗೆ ಎರಡು ಹೆಸರಿದ್ದಿರಬಹುದು, ತವರಿನದೊಂದು, ಮದುವೆಯ ದಿನ ಅಕ್ಕಿಯಲ್ಲಿ ಬರೆದದ್ದೊಂದು. ಕಾಗದಗಳಲ್ಲಿ ಎರಡನೆಯದೇ ಬರುತ್ತದೆ. ಕನ್ನಡದ ಕಾಗದವಾದರೆ ಗಂಡನ ಹೆಸರಿನ ಮುಂಚೆ 'ಕೋಂ', ಮರಾಠಿಯದಾದರೆ 'ಭ್ರತಾರ', ಪತ್ರಗಳಲ್ಲಿ 'ಗಂ.ಭಾ.' ಎಂದಿದ್ದರೆ ಗಂಗಾಭಾಗೀರಥಿ, ವಿಧವೆಯ ಹೆಸರಿನ ಮುಂಚೆ ಹಚ್ಚುತ್ತಿದ್ದದ್ದು. ಈ ಮೂರು ಗುರುತು ಕಂಡಲ್ಲಿ ನಿಂತು ಓದಿ. ಕೋರ್ಟಿನಲ್ಲಿ ಸಿಗದಿದ್ದರೆ ನಾಸಿಕಕ್ಕೆ ಹೋಗಿ. ಗಂಡನ ಅಸ್ಥಿಗೋ ಶ್ರಾದ್ಧಕ್ಕೋ ಅವರು, ಇಲ್ಲವೇ ಅವರ ಪರವಾಗಿ ಯಾರಾದರೂ, ಗೋದಾವರಿಗೆ ಹೋಗಿರುವ ಸಂಭವ ಇದೆ. ಅಲ್ಲಿಯ ತೀರ್ಥಪುರೋಹಿತರು ಊರು, ಮನೆತನದ ಪ್ರಕಾರ ವಹಿಗಳನ್ನು ಇಟ್ಟಿರುತ್ತಾರೆ. ಕುಮಟಾದವರ ವಹಿ ಯಾರ ಮನೆಯಲ್ಲಿದೆ ಎಂದು ಘಾಟಿನಲ್ಲಿ ಕೇಳಿ, ನಿಮ್ಮ ಮುತ್ತಜ್ಜನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಹೇಳಿ, 1899ರ ನಂತರದ ಪುಟಗಳನ್ನು ತೆಗೆಸಿ.